ಪೌರನೀತಿ ತರಗತಿಯಲ್ಲಿ ಮಕ್ಕಳೇ ಚರ್ಚೆ ನಡೆಸಬಹುದೇ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಸ್ಥಳೀಯ ಸರ್ಕಾರದ ಪಾಠವನ್ನು ಮಕ್ಕಳ ಚರ್ಚೆಯ ಮೂಲಕವೇ ನಡೆಸಬೇಕೆಂದಿದ್ದೇನೆ. ಆದರೆ ಪ್ರತಿ ಬಾರಿಯೂ ನಾಲ್ವರು ಜೋರಾಗಿ ಮಾತನಾಡುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಶಾಲೆಯೊಳಗೆ ರಾಜಕೀಯ ನುಸುಳೀತೆಂಬ ಆತಂಕ ಸಹೋದ್ಯೋಗಿಗಳದ್ದು. ಏನು ಮಾಡಲಿ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ತೊಡಕು ಮಕ್ಕಳಲ್ಲಿರುವುದಕ್ಕಿಂತ ಕೇಳುವ ಪ್ರಶ್ನೆಯಲ್ಲಿರುವ ಸಂಭವವೇ ಹೆಚ್ಚು. ‘ಪ್ರಜಾಪ್ರಭುತ್ವ ಶ್ರೇಷ್ಠವೇ?’ ಎಂದು ಕೇಳಿದರೆ ಭಾಷಣ ಸ್ಪರ್ಧೆಯಲ್ಲಿ ಪಳಗಿದವರಷ್ಟೇ ಎದ್ದು ನಿಲ್ಲುತ್ತಾರೆ. ಅದರ ಬದಲು, ನಮ್ಮ ಪಂಚಾಯಿತಿ ಈ ವರ್ಷ ಕೊಳಾಯಿ, ಬೀದಿದೀಪ, ಶಾಲೆಯ ಶೌಚಾಲಯ ಇವುಗಳಲ್ಲಿ ಯಾವುದಕ್ಕೆ ಮೊದಲು ಹಣ ಕೊಡಬೇಕು ಎಂಬ ಪ್ರಶ್ನೆಯಿಡಿ. ದಿನವೂ ನೀರು ಹೊರುವ, ತರಗತಿಯಲ್ಲಿ ಬಾಯಿ ಬಿಡದ ಹುಡುಗಿಗೆ ಈ ವಿಷಯದಲ್ಲಿ ಉಳಿದೆಲ್ಲರಿಗಿಂತ ಹೆಚ್ಚು ತಿಳಿದಿರುತ್ತದೆ. ಮಾತಿಗೆ ಮೊದಲು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಲಿ, ಐದೈದು ಜನರ ಗುಂಪಿನಲ್ಲಿ ಅದನ್ನು ಓದಲಿ, ಆಮೇಲೆ ಇಡೀ ತರಗತಿಯ ಚರ್ಚೆಯನ್ನು ಸರದಿಯಂತೆ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿ ಅಧ್ಯಕ್ಷತೆ ವಹಿಸಿ ನಡೆಸಲಿ. ನೀವು ಹಿಂದಿನ ಬೆಂಚಿನಲ್ಲಿ ಕುಳಿತು, ಸಂಗತಿ ತಪ್ಪಿದಾಗ ಮಾತ್ರ ತಿದ್ದಿರಿ: ಬೀದಿದೀಪದ ನಿರ್ವಹಣೆ ಪಂಚಾಯಿತಿಯದು, ವಿದ್ಯುತ್ ಪೂರೈಕೆ ಹೆಸ್ಕಾಂನದು ಎಂಬಂಥ ವ್ಯತ್ಯಾಸಗಳು ಪಠ್ಯಪುಸ್ತಕಕ್ಕಿಂತ ಇಂಥ ಗೊಂದಲದ ನಡುವೆಯೇ ಚೆನ್ನಾಗಿ ಮನದಟ್ಟಾಗುತ್ತವೆ.

ಚರ್ಚೆ ನಾಲ್ಕು ಗೋಡೆಗಳೊಳಗೆ ಮುಗಿದರೆ ಮಕ್ಕಳು ಬೇಗ ಬೇಸರಗೊಳ್ಳುತ್ತಾರೆ. ಅದೃಷ್ಟವಶಾತ್ ನಮ್ಮ ರಾಜ್ಯದಲ್ಲಿ, ಮಕ್ಕಳು ತಮ್ಮ ಬೇಡಿಕೆಗಳನ್ನು ಪಂಚಾಯಿತಿಯ ಮುಂದಿಡುವ ಮಕ್ಕಳ ಗ್ರಾಮಸಭೆಯ ವ್ಯವಸ್ಥೆಯಿದೆ. ಅದಕ್ಕೂ ಮೊದಲೇ, 1990ರ ದಶಕದಲ್ಲಿ, ಕುಂದಾಪುರ ಭಾಗದಲ್ಲಿ ಮಕ್ಕಳ ಪಂಚಾಯಿತಿಗಳು ರೂಪುಗೊಂಡಿದ್ದವು. ಆದರೆ ಎಷ್ಟೋ ಕಡೆ ಈ ಗ್ರಾಮಸಭೆ ಅತಿಥಿಗಳ ಭಾಷಣವಾಗಿ, ಶಿಕ್ಷಕರು ಬರೆದುಕೊಟ್ಟ ಮನವಿಯನ್ನು ಮಗುವೊಂದು ಓದುವ ಕಾರ್ಯಕ್ರಮವಾಗಿ ಸೊರಗಿದೆ. ನಿಮ್ಮ ತರಗತಿ ತಾನೇ ಚರ್ಚಿಸಿ ಆರಿಸಿದ ಬೇಡಿಕೆಯನ್ನು ತನ್ನದೇ ಮಾತಿನಲ್ಲಿ ಅಲ್ಲಿಗೆ ಒಯ್ಯಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೊಟ್ಟ ಉತ್ತರವನ್ನು ಬರೆದುಕೊಂಡು ಬರಲಿ, ಮುಂದಿನ ವರ್ಷ ಅದೇ ಪುಟ ತೆಗೆದು ಏನಾಯಿತೆಂದು ಕೇಳಲಿ.

ಇನ್ನು ರಾಜಕೀಯದ ಆತಂಕ. ಪಶ್ಚಿಮ ಜರ್ಮನಿಯ ಶಿಕ್ಷಣತಜ್ಞರು 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬಲ್ಲಿ ಸೇರಿದಾಗ ರೂಪುಗೊಂಡ ಒಮ್ಮತ ಇಲ್ಲಿ ನೆರವಾಗುತ್ತದೆ. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿಗಳ ಮೇಲೆ ಹೇರಬಾರದು. ಸಮಾಜದಲ್ಲಿ ವಿವಾದವಿರುವ ವಿಷಯ ತರಗತಿಯಲ್ಲಿಯೂ ವಿವಾದವಾಗಿಯೇ ಕಾಣಬೇಕು. ತಮ್ಮ ಹಿತವೇನೆಂದು ವಿದ್ಯಾರ್ಥಿಗಳು ತಾವೇ ವಿವೇಚಿಸುವಂತಾಗಬೇಕು. ಹಾಗೆಂದು ಎಲ್ಲಕ್ಕೂ ಎರಡು ಮಗ್ಗುಲುಗಳಿವೆಯೆಂದು ನಟಿಸಬೇಕಾಗಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿದೆ. ಅದು ಸರಿಯೋ ತಪ್ಪೋ ಎಂದು ಪರ–ವಿರೋಧ ಚರ್ಚೆಗಿಡುವುದು ತರಗತಿಯಲ್ಲಿ ಕುಳಿತ ಕೆಲವು ಮಕ್ಕಳಿಗೆ ಮಾಡುವ ಅವಮಾನ. ಅದು ಊರಿನಲ್ಲಿ ಇನ್ನೂ ಎಲ್ಲಿ, ಯಾವ ರೂಪದಲ್ಲಿ ಉಳಿದಿದೆಯೆಂದು ಕೇಳಬಹುದು. ಆದರೆ ಆ ಮಕ್ಕಳನ್ನೇ ಎಬ್ಬಿಸಿ ನಿಲ್ಲಿಸಿ ಉತ್ತರ ಕೇಳಬಾರದು.