ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಬಹುದಾ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 11 ಹಾಕಲು ಆಗುವುದಿಲ್ಲ. ಮೈಸೂರಿನಲ್ಲಿ ಸ್ವಯಂಸೇವಕರು ಒಂದು ಭಾನುವಾರ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತಾರಂತೆ. ಹೋಗಲಾ? ಫೋಟೊಗಳು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರಗಳು ಅಳಿಸಿಹೋದರೆ?
– ಓದುಗರು, ಮಂಡ್ಯ

ಉತ್ತರ: ಧಾರಾಳವಾಗಿ ಹೋಗಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಗಂತ ಮೆಷಿನ್ ಗುಜರಿಗೆ ಹಾಕಬೇಕಾಗಿಲ್ಲ ಅಲ್ವಾ?

ಆದರೆ ಹೋದ ತಕ್ಷಣ ಇನ್‌ಸ್ಟಾಲ್ ಮಾಡಿಸಬೇಡಿ. ಉಬುಂಟು, ಮಿಂಟ್ ಅಂತ ಲಿನಕ್ಸ್‌ನ ಬಗೆಗಳಿವೆ, ಎರಡನ್ನೂ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ನಿಮ್ಮ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ, ಸ್ವಲ್ಪ ನಿಧಾನ ಅಷ್ಟೇ. ವೈಫೈ, ಸೌಂಡ್ ಕೆಲಸ ಮಾಡುತ್ತಾ ಅಂತ ಅಲ್ಲೇ ನೋಡಿ. ಪ್ರಿಂಟರ್ ಮನೆಯಲ್ಲಿರುತ್ತೆ, ಅದರ ಮಾಡೆಲ್ ಹೆಸರು ಬರೆದುಕೊಂಡು ಹೋಗಿ.

ಹಾಕಿಸುವುದೇ ಆದರೆ ಹಿಂದಿನ ರಾತ್ರಿಯೇ ಎಲ್ಲವನ್ನೂ ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಡಿ. ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಇಡಬಹುದು ನಿಜ, ಆದರೆ ಡಿಸ್ಕ್ ಭಾಗ ಮಾಡುವಾಗ ಒಂದು ತಪ್ಪು ಕ್ಲಿಕ್ ಸಾಕು, ಪಾಪ ಅಲ್ಲಿರುವ ಹುಡುಗರು ಪುಕ್ಕಟೆ ಕೆಲಸ ಮಾಡುವವರು, ಅವರನ್ನು ಬೈದು ಏನು ಪ್ರಯೋಜನ? ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀ ಕೂಡ ಜೊತೆಗಿರಲಿ.

ನಿಮ್ಮ ನಿಜವಾದ ತಲೆನೋವು ಆ ಪತ್ರಗಳು. ಹಳೆ ನುಡಿ ಫಾಂಟ್‌ನಲ್ಲಿರುವುದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಲ್ಲೂ ನಡೆಯುವ ಅಕ್ಷರ ಸಂಕೇತ) ಅಲ್ಲ, ಫಾಂಟ್ ಇಲ್ಲದ ಕಡೆ ತೆರೆದರೆ ಸುಮ್ನೆ ಕಲಸುಮೇಲೋಗರ ಕಾಣುತ್ತದೆ. ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಟೈಪಿಂಗ್ ಚಿಂತೆ ಬೇಡ, ನುಡಿಯ ಕೆ.ಜಿ.ಪಿ. ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ, ಐಬಸ್ ಎಂಬ ಲಿನಕ್ಸ್‌ನ ಟೈಪಿಂಗ್ ತಂತ್ರಾಂಶದಲ್ಲಿ ಸೇರಿಸಿಕೊಡಿ ಅಂತ ಕೇಳಿ. ಚಾರ್ಜರ್ ಮರೆಯಬೇಡಿ.