ಶಾಸಕರಾಗಿದ್ದ ವಕೀಲರು ಜಡ್ಜ್ ಆಗಬಹುದೇ? ಅವರ ತೀರ್ಪು ಪಕ್ಷದ ಕಡೆ ವಾಲುವುದಿಲ್ಲವೇ?

ಕಾನೂನಿನಲ್ಲಿ ಅಡ್ಡಿ ಇಲ್ಲ. ಹೈಕೋರ್ಟ್ ನ್ಯಾಯಮೂರ್ತಿಯಾಗಲು ಸಂವಿಧಾನದ 217ನೇ ವಿಧಿ ಕೇಳುವುದು ಭಾರತದ ಪೌರತ್ವ, ಜೊತೆಗೆ 10 ವರ್ಷದ ಹೈಕೋರ್ಟ್ ವಕೀಲಿಕೆ ಇಲ್ಲವೇ ಅಷ್ಟೇ ಕಾಲದ ನ್ಯಾಯಾಂಗ ಹುದ್ದೆ. ಹಿಂದೆ ಶಾಸಕರಾಗಿದ್ದವರು ಅನರ್ಹರು ಎಂದು ಅಲ್ಲಿ ಎಲ್ಲೂ ಇಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ವಿ. ಆರ್. ಕೃಷ್ಣ ಅಯ್ಯರ್ ಅವರನ್ನೇ ನೋಡಿ. ತಲಶ್ಶೇರಿಯಲ್ಲಿ ವಕೀಲರಾಗಿದ್ದವರು. 1952ರಲ್ಲಿ ಮದ್ರಾಸ್ ವಿಧಾನಸಭೆಗೆ, 1957ರಲ್ಲಿ ಕೇರಳ ವಿಧಾನಸಭೆಗೆ ಪಕ್ಷೇತರರಾಗಿ ಗೆದ್ದರು. ಕೇರಳದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸಂಪುಟದಲ್ಲಿ ಕಾನೂನು, ಗೃಹ, ಕಾರಾಗೃಹ ಖಾತೆಗಳನ್ನು ನೋಡಿಕೊಂಡರು. 1965ರ ಚುನಾವಣೆಯಲ್ಲಿ ಸೋತರು. 1968ರಲ್ಲಿ ಕೇರಳ ಹೈಕೋರ್ಟ್, 1973ರಲ್ಲಿ ಸುಪ್ರೀಂ ಕೋರ್ಟ್. ಕೆಂಪು ಬಣ್ಣದವರು, ಅಂದರೆ ಎಡಪಂಥೀಯರು ಎಂದು ವಕೀಲರ ವಲಯದಲ್ಲೇ ಆಕ್ಷೇಪ ಎದ್ದಿತ್ತು.

ಅವರನ್ನು ಸುಪ್ರೀಂ ಕೋರ್ಟಿಗೆ ತಂದದ್ದು ಇಂದಿರಾ ಗಾಂಧಿ ಸರ್ಕಾರ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಆಯ್ಕೆಯನ್ನು ಅಸಿಂಧುಗೊಳಿಸಿತಲ್ಲ, ಆ ಮೇಲ್ಮನವಿ ಬಂದದ್ದು ರಜಾಕಾಲದ ಪೀಠದಲ್ಲಿ ಒಬ್ಬರೇ ಕೂತಿದ್ದ ಅಯ್ಯರ್ ಮುಂದೆ. ಇಂದಿರಾ ಕೇಳಿದ್ದು ಪೂರ್ತಿ ತಡೆ. ಜೂನ್ 24ರಂದು ಸಿಕ್ಕಿದ್ದು ಷರತ್ತಿನ ತಡೆ: ಪ್ರಧಾನಿಯಾಗಿ ಮುಂದುವರಿಯಬಹುದು, ಸದನದಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ, ಸಂಸದರ ಸಂಬಳ ಪಡೆಯುವಂತಿಲ್ಲ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಬಂತು.

ರಾಜಕೀಯದ ಅನುಭವ ಅವರ ತೀರ್ಪುಗಳಲ್ಲಿ ಕಾಣುವುದಿಲ್ಲ ಎಂದಲ್ಲ, ಚೆನ್ನಾಗಿಯೇ ಕಾಣುತ್ತದೆ. 1978ರ ಮೋತಿರಾಮ್ ಪ್ರಕರಣ ಓದಿ. ಗಾರೆ ಕೆಲಸದವನಿಗೆ ಜಾಮೀನು ಸಿಕ್ಕಿತ್ತು, ಆದರೆ ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಶ್ಯೂರಿಟಿ (ಹೊಣೆಗಾರರ ಭದ್ರತೆ) ಕೇಳಿದರು. ಅಣ್ಣತಮ್ಮನ ಶ್ಯೂರಿಟಿಯನ್ನು, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದರು. ಅಯ್ಯರ್ ಅವನ ಸ್ವಂತ ಬಾಂಡಿನ ಮೇಲೆ, 1,000 ರೂಪಾಯಿಗೆ, ಬಿಡಿಸಿದರು. ಬಡವ ಜೈಲಿನಲ್ಲೇ ಉಳಿಯುವುದು ಇಂಥ ಸಣ್ಣ ತಕರಾರಿನಿಂದ ಎಂಬುದು ಕಾರಾಗೃಹ ಖಾತೆ ನೋಡಿದವರಿಗೆ ಬೇಗ ಹೊಳೆದಿರಬೇಕು. 1980ರಲ್ಲಿ ಮಧ್ಯಪ್ರದೇಶದ ರತ್ಲಾಂ ಊರಿನ ಬಗ್ಗೆ ಕೊಟ್ಟ ತೀರ್ಪಿನಲ್ಲೂ ಹಾಗೇ, ಚರಂಡಿ ಕಟ್ಟಿಸಲು ದುಡ್ಡಿಲ್ಲ ಎಂಬ ಪುರಸಭೆಯ ನೆಪ ನಡೆಯಲಿಲ್ಲ.

ನನಗೆ ಅನುಮಾನ ಬರುವುದು ಉಲ್ಟಾ ದಾರಿಯ ಬಗ್ಗೆ, ಅಂದರೆ ಜಡ್ಜ್ ಆಗಿದ್ದವರು ರಾಜಕೀಯಕ್ಕೆ ಹೋಗುವುದರ ಬಗ್ಗೆ. 124(7)ನೇ ವಿಧಿ ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿಗಳ ವಕಾಲತ್ತಿಗೆ ನಿಷೇಧ ಹಾಕುತ್ತದೆ, ಚುನಾವಣೆಗಲ್ಲ. 1983ರಲ್ಲಿ ಬಹರುಲ್ ಇಸ್ಲಾಂ ನಿವೃತ್ತಿಗೆ ಕೆಲವೇ ವಾರ ಇರುವಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಅಭ್ಯರ್ಥಿಯಾದರು. ಹಿಂದೆ ಟಿಕೆಟ್ ಪಡೆದವರಿಗಿಂತ ಮುಂದೆ ಟಿಕೆಟ್ ಬೇಕಾದವರ ತೀರ್ಪನ್ನೇ ಹೆಚ್ಚು ಎಚ್ಚರದಿಂದ ಓದಬೇಕು.