ಬಡಿಗಿ ಯಾವ ಕೈಯಾಗ?

ಪ್ರಶ್ನೆ: ಅಪ್ಪಗ ಎಂಟು ತಿಂಗಳ ಹಿಂದ ಎಡಗಡೆ ಲಕ್ವಾ ಹೊಡೀತು. ಈಗ ನಡೀತಾರ್ರಿ, ಆದ್ರ ಎಡಗಾಲು ಕುಡಗೋಲು ಬೀಸಿದಂಗ ಹೊರಗಿನಿಂದ ತಂದು ಇಡ್ತಾರ. ಚಪ್ಪಲಿ ಹಿಂದೇ ಉಳೀತದ. ಬಡಿಗಿ ಎಡಗೈಯಾಗ ಕೊಡ್ಬೇಕೇನ್ರಿ?
– ಓದುಗರು, ಚಿತ್ತಾಪುರ

ಉತ್ತರ: ಬ್ಯಾಡ ತಂಗಿ, ಬಲಗೈಯಲ್ಲೇ ಇರಲಿ. ಮೊದಲು ಬಡಿಗೆ, ಆಮೇಲೆ ಎಡಗಾಲು, ಕೊನೆಗೆ ಬಲಗಾಲು.

ಕಾಲು ಬೀಸುವುದು ಅವರ ಹಟವಲ್ಲ. ಮೊಣಕಾಲು ಸರಿಯಾಗಿ ಮಡಚುವುದಿಲ್ಲ, ಪಾದದ ತುದಿ ಮೇಲೇಳುವುದಿಲ್ಲ. ಹಾಗಾಗಿ ಆ ಕಾಲು ಉದ್ದವಾದಂತಾಗಿ, ನೆಲಕ್ಕೆ ತಾಗದಿರಲೆಂದು ಸೊಂಟದಿಂದಲೇ ಸುತ್ತು ಹೊಡೆಯುತ್ತದೆ. ‘ನೆಟ್ಟಗ ನಡೀರಿ’ ಎಂದು ಗದರಬೇಡ. ಕಲಬುರಗಿಯಲ್ಲಿ ಇದೇ ಫಿಸಿಯೋಥೆರಪಿ ಮಾಡಿಕೊಂಡಿರುವ ನಾನೇ ನಮ್ಮವ್ವನಿಗೆ ಹಾಗೆ ಗದರಿದ್ದೆ, ಪಾಪ. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಬರುತ್ತದೆ, ಎಎಫ್ಒ ಅಂತಾರೆ. ಫಿಸಿಯೋಥೆರಪಿಸ್ಟರಿಗೆ ತೋರಿಸಿ, ಬೇಕೆಂದರೆ ಅಳತೆ ಕೊಟ್ಟು ಮಾಡಿಸು. ಚಪ್ಪಲಿಗೆ ಹಿಮ್ಮಡಿ ಪಟ್ಟಿ ಇರಲೇಬೇಕು. ಕುರ್ಚಿಯಿಂದ ಎದ್ದು ಕೂರುವುದನ್ನು ದಿನಾ ಮಾಡಿಸು, ಎರಡೂ ಕಾಲಿಗೆ ಸಮ ಭಾರ ಬೀಳುವಂತೆ. ಎಂಟು ತಿಂಗಳಾದ ಮೇಲೂ ಸುಧಾರಿಸುತ್ತದೆ. ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು.

ನಿಮ್ಮನೆಯಲ್ಲೂ ಶಹಾಬಾದ್ ಕಲ್ಲಿನ ನೆಲವೇ ಇರಬೇಕು. ಒದ್ದೆಯಾದರೆ ಜಾರುತ್ತದೆ. ಬಚ್ಚಲ ಬಾಗಿಲ ಗೋಡೆಗೆ ಬಲಗೈಗೆ ಸಿಗುವಂತೆ ಇವತ್ತೇ ಒಂದು ಪೈಪು ಹೊಡೆಸು.